ವೀರಪ್ಪ ಈರಪ್ಪನಾದ ಬಗೆ

ಗದಗವು ಒಂದೇ ಹೆಸರಿನ ಇಬ್ಬರು ಕವಿಗಳನ್ನು ಕನ್ನಡಕ್ಕೆ ಕೊಟ್ಟಿದೆ. ಒಬ್ಬನು 15ನೆಯ ಶತಮಾನದ ಕುಮಾರವ್ಯಾಸ. ಜನ ಅವನನ್ನು ಕರೆದದ್ದು ಗದುಗಿನ ನಾರಣಪ್ಪನೆಂದು. ಇನ್ನೊಬ್ಬರು ಹುಯಿಲಗೋಳ ನಾರಾಯಣರಾಯರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದ ಕನ್ನಡ ನಾಡಿನ ಉದಯಗೀತೆಯನ್ನು ಬರೆದವರು. ವೀರನಾರಾಯಣನು ನೆಲೆಸಿರುವ ಊರಿನಲ್ಲಿ ಈ ಹೆಸರು ಮತ್ತೆ ಮತ್ತೆ ಬರುವುದು ಸಹಜವೇ. ಆದರೆ ಒಬ್ಬನ ಹೆಸರು ನಾಲಗೆಯ ಮೇಲೆ ಉರುಳಿ ನುಣುಪಾದ ರೂಪದಲ್ಲಿ ಉಳಿದಿದೆ, ಇನ್ನೊಬ್ಬರದು ಗ್ರಂಥಸ್ಥವಾದ ರೂಪದಲ್ಲಿ. ನಾರಣಪ್ಪ ಎಂಬುದು ಅಶುದ್ಧ, ಅದನ್ನು ನಾರಾಯಣಪ್ಪ ಎಂದು ತಿದ್ದಬೇಕು ಎಂದು ಈವರೆಗೆ ಯಾರೂ ಹೇಳಿದ್ದಿಲ್ಲ. ಹೇಳಿದರೆ ನಾವು ನಕ್ಕುಬಿಟ್ಟೇವು. ಆದರೆ ಅದೇ ಊರಿನ ಬೀದಿಯಲ್ಲಿ ಇಂದು ವೀರಪ್ಪನನ್ನು ‘ಈರಪ್ಪ’ ಎಂದು, ಸಿದ್ಧಪ್ಪನನ್ನು ‘ಶಿದ್ದಪ್ಪ’ ಎಂದು ಯಾರಾದರೂ ಕರೆದರೆ, ಓದಿದ ನಾವು ಅದನ್ನು ಹಳ್ಳಿಯವರ ತಪ್ಪು ಉಚ್ಚಾರವೆಂದು ಎಣಿಸುತ್ತೇವೆ. ಐದು ನೂರು ವರ್ಷಗಳ ಹಿಂದಿನ ಸವೆತಕ್ಕೆ ಗೌರವ, ಇಂದಿನ ಸವೆತಕ್ಕೆ ತಿರಸ್ಕಾರ. ಇದು ನ್ಯಾಯವೇ ಎಂಬುದೇ ಈ ಹೊತ್ತಿನ ನನ್ನ ಪ್ರಶ್ನೆ.

ನಾನು ಮೂವತ್ತಕ್ಕೂ ಮಿಕ್ಕಿ ವರ್ಷ ಗದಗ-ಬೆಟಗೇರಿಯಲ್ಲಿ ಕನ್ನಡ ಕಲಿಸಿದವನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಕಡೆಯಿಂದ ಬರುವ ಹುಡುಗರಲ್ಲಿ ಬಹುಮಂದಿಗೆ ಎರಡೆರಡು ಹೆಸರುಗಳಿರುತ್ತಿದ್ದವು. ಹಾಜರಿ ಪುಸ್ತಕದ ಹೆಸರು ಒಂದು, ಗೆಳೆಯರು ಕರೆಯುವುದು ಇನ್ನೊಂದು. ಈ ಜೋಡಿಗಳನ್ನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಬರೆದಿಡುವುದು ನನಗೊಂದು ಹವ್ಯಾಸವಾಯಿತು. ಬರೆಯುತ್ತ ಬರೆಯುತ್ತ ಸ್ಪಷ್ಟವಾದ ಸಂಗತಿಯೆಂದರೆ, ಈ ಬದಲಾವಣೆಗಳಲ್ಲಿ ಯಾವುದೂ ಮನಸ್ವಿಯಾದುದಲ್ಲ. ಒಂದೊಂದರ ಹಿಂದೆಯೂ ಒಂದೊಂದು ನಿಯಮವಿದೆ.

ಮೊದಲು ವಕಾರವನ್ನು ನೋಡೋಣ. ವೀರಪ್ಪ ಈರಪ್ಪನಾಗುತ್ತಾನೆ, ವೀರಭದ್ರ ಈರಭದ್ರನಾಗುತ್ತಾನೆ, ವಿರೂಪಾಕ್ಷಪ್ಪ ಇರುಪಾಕ್ಷಪ್ಪನಾಗುತ್ತಾನೆ. ವೆಂಕಪ್ಪನು ವಕಾರವನ್ನು ಕಳೆದುಕೊಂಡು ಎಂಕಪ್ಪನಾಗಿ, ಎಕಾರದ ಮುಂದೆ ಯಕಾರವನ್ನು ತಂದುಕೊಂಡು ಯಂಕಪ್ಪನಾಗುತ್ತಾನೆ. ಆದರೆ ವಾಸುದೇವ, ವಾಮನ ಎಂಬ ಹೆಸರುಗಳ ವಕಾರ ಹಾಗೆ ಬಿದ್ದುಹೋಗುವುದಿಲ್ಲ. ಏಕೆಂದರೆ ಈ ನಾಡಿನ ನಾಲಗೆಯು ಇ-ಎಕಾರಗಳ ಹಿಂದಿನ ವಕಾರವನ್ನು ಬಿಡುತ್ತದೆ, ಆಕಾರದ ಹಿಂದಿನದನ್ನು ಉಳಿಸಿಕೊಳ್ಳುತ್ತದೆ. ವಿಭೂತಿಯನ್ನು ‘ಈಬತ್ತಿ’ ಎನ್ನುವ ಬಾಯಿಯೇ ವೀರಪ್ಪನನ್ನು ಈರಪ್ಪ ಎನ್ನುತ್ತದೆ.

ಎರಡನೆಯದು ಸಕಾರ. ಧಾರವಾಡ ಸೀಮೆಯವರಿಗೆ ಸ-ಶಗಳ ಭೇದ ತಿಳಿಯದು ಎಂಬ ಆಕ್ಷೇಪವನ್ನು ನಾವೆಲ್ಲ ಕೇಳಿದ್ದೇವೆ. ಸಿದ್ಧಪ್ಪ ಶಿದ್ದಪ್ಪನಾಗುವುದನ್ನು ಅದಕ್ಕೆ ಸಾಕ್ಷಿಯಾಗಿ ಕೊಡುತ್ತಾರೆ. ಭೇದವೇ ತಿಳಿಯದಿದ್ದರೆ ಸೋಮಪ್ಪ ಶೋಮಪ್ಪನಾಗಬೇಕಿತ್ತು, ಸಂಗಪ್ಪ ಶಂಗಪ್ಪನಾಗಬೇಕಿತ್ತು. ಹಾಗೆ ಆಗುವುದಿಲ್ಲ. ಇಕಾರವನ್ನು ಉಚ್ಚರಿಸಲು ನಾಲಗೆ ಅಂಗಳದತ್ತ ಏಳುತ್ತದೆ. ಆ ಏಳುವಿಕೆಯಲ್ಲಿ ಹಿಂದಿನ ದಂತ್ಯ ಸಕಾರವೂ ತಾಲವ್ಯ ಶಕಾರವಾಗುತ್ತದೆ. ಸಿಟ್ಟು ‘ಶಿಟ್ಟು’ ಆಗುವುದೂ ಹೀಗೆಯೇ. ಇದು ಅಜ್ಞಾನವಲ್ಲ, ಇದೂ ಒಂದು ನಿಯಮ.

ಮೂರನೆಯದು ಏಕಾರ. ದೇವಪ್ಪ ‘ದ್ಯಾವಪ್ಪ’ನಾಗುತ್ತಾನೆ, ಆದರೆ ದೇವಿ ‘ದ್ಯಾವಿ’ ಆಗುವುದಿಲ್ಲ. ಬೇಡ ಎಂಬುದು ‘ಬ್ಯಾಡ’ ಆಗುತ್ತದೆ, ಬೇಲಿಯೂ ಬೇವೂ ಇದ್ದಂತೆಯೇ ಇರುತ್ತವೆ. ಮುಂದಿನ ಅಕ್ಷರದಲ್ಲಿ ಅಕಾರವಿದ್ದರೆ ಏಕಾರ ಅಗಲವಾಗಿ ಬಾಯ್ದೆರೆಯುತ್ತದೆ; ಇಕಾರ, ಉಕಾರಗಳಿದ್ದರೆ ತೆರೆಯುವುದಿಲ್ಲ. ಶಾಲೆಯ ಮೆಟ್ಟಿಲನ್ನೇ ತುಳಿಯದ ಮುದುಕಿ ಈ ಸೂಕ್ಷ್ಮವನ್ನು ತಪ್ಪದೆ ಪಾಲಿಸುತ್ತಾಳೆ. ನಾವು ಅದಕ್ಕೆ ಅಶುದ್ಧವೆಂದು ಹೆಸರಿಟ್ಟಿದ್ದೇವೆ.

ಹೆಸರಿನ ನಡುವಿನ ಹ್ರಸ್ವಸ್ವರಗಳ ಗತಿಯೂ ಕುತೂಹಲಕರವಾದುದು. ಹನುಮಪ್ಪ ‘ಹನಮಪ್ಪ’ನಾಗುತ್ತಾನೆ. ತುಂಗಭದ್ರೆಯ ದಡದ ಹುಲಿಗಿಯ ದೇವಿಯ ಹೆಸರನ್ನಿಟ್ಟುಕೊಂಡ ಹುಲಿಗೆವ್ವ ‘ಹುಲಗವ್ವ’ಳಾಗುತ್ತಾಳೆ. ನಡುವಣ ಇಕಾರ, ಉಕಾರಗಳು ಸಡಿಲಗೊಂಡು ಅಕಾರವಾಗುತ್ತವೆ. ಇದನ್ನು ತಪ್ಪೆನ್ನುವವರು ತಾವು ನಿಂತ ಊರಿನ ಹೆಸರನ್ನೇ ಒಮ್ಮೆ ಉಚ್ಚರಿಸಿ ನೋಡಬೇಕು. ಗದುಗು ‘ಗದಗ’ವಾದದ್ದು ಇದೇ ಜಾಡಿನಲ್ಲಿ. ಮುಂಡರಗಿಯ ಅನ್ನದಾನೀಶ್ವರ ಮಠ ಪ್ರಸಿದ್ಧವಾದುದು. ಆ ಭಕ್ತಿಯಿಂದ ಮಕ್ಕಳಿಗೆ ಅನ್ನದಾನಪ್ಪನೆಂದು ಹೆಸರಿಡುತ್ತಾರೆ. ನಡುವಣ ಅಕಾರ ಪೂರ್ತಿ ಉದುರಿ ಅದು ‘ಅಂದಾನಪ್ಪ’ವಾಗುತ್ತದೆ. ಕರ್ನಾಟಕದ ಏಕೀಕರಣಕ್ಕಾಗಿ ಹೋರಾಡಿದ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರ ಹೆಸರು ಈ ರೂಪದಲ್ಲಿಯೇ ಚರಿತ್ರೆಗೆ ಸೇರಿದೆ. ಬಸವನಗೌಡ ಬಸನಗೌಡನಾಗುವುದೂ, ಗದ್ದಿಗೆಯಿಂದ ಹುಟ್ಟಿದ ಹೆಸರು ಗದಿಗೆಪ್ಪ, ಗದಿಗೆಯ್ಯ ಎಂದಾಗುವುದೂ ಇಂಥ ಸವೆತವೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳ ಬಾಲ್ಯದ ಹೆಸರು ಗದಿಗೆಯ್ಯ.

ಇನ್ನು ಲಿಂಗಪ್ಪ ನಿಂಗಪ್ಪನಾಗುವುದು. ಮುಂದೆ ಬರುವ ಅನುನಾಸಿಕವು ತನ್ನ ಹಿಂದಿನ ಲಕಾರವನ್ನೂ ಮೂಗಿನತ್ತ ಎಳೆದುಕೊಂಡು ನಕಾರವಾಗಿಸಿತು. ವಿನೋದವೆಂದರೆ, ಲಿಂಗಪ್ಪನನ್ನು ನಿಂಗಪ್ಪ ಎನ್ನುವ ಇದೇ ಜನ ನಿಂಬೆಯ ಹಣ್ಣನ್ನು ‘ಲಿಂಬಿಹಣ್ಣು’ ಎನ್ನುತ್ತಾರೆ. ಲ-ನಗಳ ನಡುವೆ ಹೀಗೆ ಕೊಡು-ಕೊಳ್ಳುವ ವ್ಯವಹಾರ ಎಂದಿನಿಂದಲೂ ಇದೆ.

ಹೆಸರುಗಳನ್ನು ಇನ್ನಷ್ಟು ಅಗೆದು ನೋಡಿದರೆ ಹೊಲದ ಮಣ್ಣಿನಲ್ಲಿ ಕಾಣುವಂತೆ ಪದರಗಳು ಕಾಣುತ್ತವೆ. ವೀರ ಎಂಬ ಒಂದೇ ಶಬ್ದದಿಂದ ನಮ್ಮಲ್ಲಿ ಎರಡು ಜನಪದ ಹೆಸರುಗಳಾಗಿವೆ: ಬೀರಪ್ಪ ಮತ್ತು ಈರಪ್ಪ. ಬೀರಪ್ಪನದು ಹಳೆಯ ಪದರ. ಪದಾದಿಯ ವಕಾರವು ಬಕಾರವಾಗುತ್ತಿದ್ದ ಕಾಲದ್ದು. ವನ ‘ಬನ’ವಾದದ್ದು, ವಸತಿ ‘ಬಸದಿ’ಯಾದದ್ದು ಆಗಲೇ. ಈರಪ್ಪನದು ಈಚಿನ ಪದರ. ಬ್ರಹ್ಮ ಎಂಬ ಶಬ್ದವೂ ಹೀಗೆಯೇ ಎರಡು ಸಲ ಕನ್ನಡಿಗರ ಬಾಯಿಗೆ ಬಂದಿದೆ. ಒಮ್ಮೆ ಬಂದಾಗ ಒತ್ತಕ್ಷರಗಳು ಒಂದರೊಳಗೊಂದು ಕರಗಿ ಬೊಮ್ಮ ಎಂದಾಯಿತು. ಬೊಮ್ಮಪ್ಪ, ಬೊಮ್ಮಯ್ಯ ಎಂಬ ಹೆಸರುಗಳನ್ನು ಕೊಟ್ಟಿತು. ಇನ್ನೊಮ್ಮೆ ಒತ್ತಕ್ಷರದ ನಡುವೆ ಸ್ವರ ಸೇರಿ ಭರಮಪ್ಪ, ಭರಮಗೌಡ ಎಂಬ ಹೆಸರುಗಳಾದವು. ಲಕ್ಷ್ಮಿಯ ಹೆಸರಿನವರಾದ ಲಕ್ಕವ್ವ, ಲಕಮವ್ವ ಇವರಿಬ್ಬರ ಸಂಬಂಧವೂ ಇಂಥದೇ.

ಇವುಗಳಿಗಿಂತ ಹಿರಿದಾದ ಬದಲಾವಣೆ ಪಕಾರದ್ದು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಎಂಬುದನ್ನು ಸಾಹಿತ್ಯಾಭ್ಯಾಸಿಗಳಿಗೆ ಹೇಳಬೇಕಾಗಿಲ್ಲ. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆಗೆ ಪುಲಿಗೆರೆಯನ್ನು ಎಣಿಸಿತು. ಕ್ರಿ. ಶ. 941ರ ಸುಮಾರಿಗೆ ಪಂಪನು ತನ್ನ ಭಾರತದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟನು. ಮುಂದೆ ಪದಾದಿಯ ಪಕಾರವು ಹಕಾರವಾಗಿ ಪುಲಿಗೆರೆಯು ‘ಹುಲಿಗೆರೆ’ಯಾಯಿತು. ವ್ಯಕ್ತಿಗಳ ಹೆಸರುಗಳೂ ಊರಿನ ಹೆಸರಿನ ಹಿಂದೆಯೇ ನಡೆದವು. ಕವಿ ಪೊನ್ನನ ಹೆಸರು ಇಂದು ಹೊನ್ನಪ್ಪನಲ್ಲಿದೆ. ಪಂಪನ ಹೆಸರು ಹಂಪಣ್ಣ, ಹಂಪವ್ವರಲ್ಲಿದೆ. ತಿರುಳ್ಗನ್ನಡದ ನಾಡೇ ತನ್ನ ಹೆಸರಿನ ಮೊದಲಕ್ಷರವನ್ನು ಬದಲಿಸಿಕೊಂಡಿರುವಾಗ ಅಲ್ಲಿಯ ಜನ ಶಿಷ್ಟೋಚ್ಚಾರದಿಂದ ದೂರವಾದರೆಂದು ಮರುಗುವುದರಲ್ಲಿ ಅರ್ಥವಿಲ್ಲ.

ಪುಲಿಗೆರೆಯಿಂದ ಶಿರಹಟ್ಟಿ ದೂರವೇನೂ ಅಲ್ಲ. ಹಿಂದೂಗಳೂ ಮುಸಲ್ಮಾನರೂ ಸಮಾನವಾಗಿ ನಡೆದುಕೊಳ್ಳುವ ಫಕ್ಕೀರೇಶ್ವರ ಮಠ ಅಲ್ಲಿದೆ. ಈ ಪ್ರದೇಶದ ಮನೆಮನೆಗಳಲ್ಲಿ ಫಕ್ಕೀರಪ್ಪ, ಫಕ್ಕೀರವ್ವ, ಫಕ್ಕೀರಗೌಡರು ಇರುವುದು ಆ ಮಠದ ಪ್ರಭಾವದಿಂದ. ಅರಬ್ಬಿಯ ‘ಫಕೀರ’ ಶಬ್ದ ಕನ್ನಡದ ‘ಅಪ್ಪ’ನನ್ನು ಕೂಡಿಕೊಂಡಿತು, ಕಕಾರವನ್ನು ಇಮ್ಮಡಿಸಿಕೊಂಡಿತು, ಹಳ್ಳಿಯ ಬಾಯಲ್ಲಿ ಫಕಾರವನ್ನು ಬಿಟ್ಟು ‘ಪಕ್ಕೀರಪ್ಪ’ ಎಂದಾಯಿತು. ಆದರೆ ಅದು ‘ಹಕ್ಕೀರಪ್ಪ’ ಆಗಲಿಲ್ಲ. ಪಕಾರವು ಹಕಾರವಾಗುವ ಕಾಲ ಮುಗಿದ ಮೇಲೆ ಈ ಶಬ್ದ ನಮ್ಮಲ್ಲಿಗೆ ಬಂತು ಎಂಬುದನ್ನು ಹೆಸರೇ ಹೇಳುತ್ತದೆ. ತಾರೀಖು ಬರೆದಿಡದ ಚರಿತ್ರೆ ಹೀಗೆ ನಾಲಗೆಯ ಮೇಲೆ ಉಳಿದಿರುತ್ತದೆ.

ನಾಲಗೆಗೆ ಜಾತಿ ಮತಗಳ ಹಂಗಿಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ಮಹಾದೇವಪ್ಪನನ್ನು ಜನ ‘ಮಾದೇವಪ್ಪ’ ಎನ್ನುತ್ತಾರೆ. ಮಹಬೂಬಸಾಹೇಬನನ್ನು ‘ಮಾಬೂಸಾಬ’ ಎನ್ನುತ್ತಾರೆ. ಎರಡು ಸ್ವರಗಳ ನಡುವೆ ಸಿಕ್ಕ ಹಕಾರ ಕರಗಿ, ಆ ಸ್ವರಗಳು ಕೂಡಿಕೊಂಡು ದೀರ್ಘವಾಗುತ್ತವೆ. ‘ಸಾಹೇಬ’ ಎಂಬುದು ‘ಸಾಬ’ ಆದದ್ದೂ ಆ ಹಕಾರ ಕರಗಿದ್ದರಿಂದಲೇ. ಒಂದು ಸಂಸ್ಕೃತದ ಶಬ್ದ, ಇನ್ನೊಂದು ಅರಬ್ಬಿಯ ಶಬ್ದ; ಒಬ್ಬ ಗುಡಿಗೆ ಹೋಗುವವ, ಇನ್ನೊಬ್ಬ ಮಸೀದಿಗೆ ಹೋಗುವವ. ಇಬ್ಬರ ಹೆಸರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು ಕನ್ನಡ.

ಜಗತ್ತಿನ ಬೇರೆಡೆಗಳಲ್ಲಿಯೂ ಹೀಗೆಯೇ ಇದೆ. ಪಶ್ಚಿಮ ಆಫ್ರಿಕದ ಘಾನಾ ದೇಶದ ಉತ್ತರ ಭಾಗದಲ್ಲಿ ದಗ್ಬಾನಿ ಎಂಬ ಭಾಷೆಯಿದೆ. ಇಸ್ಲಾಂ ಧರ್ಮದೊಂದಿಗೆ ಅಲ್ಲಿಗೂ ಅರಬ್ಬಿ ಹೆಸರುಗಳು ಹೋದವು. ನಮ್ಮಲ್ಲಿ ಹುಸೇನಸಾಬನಾದವನು ಅಲ್ಲಿ ‘ಫುಸೇನಿ’ ಆಗಿದ್ದಾನೆ. ಒಂದೇ ಮೂಲದ ಹೆಸರು ಎರಡು ನೆಲಗಳಲ್ಲಿ ಆಯಾ ನೆಲದ ನಾಲಗೆಗೆ ತಕ್ಕಂತೆ ರೂಪು ತಳೆಯಿತು. ಅದನ್ನು ಅರಬ್ಬಿಯ ಕೆಟ್ಟ ಉಚ್ಚಾರವೆನ್ನುವುದಕ್ಕಿಂತ ದಗ್ಬಾನಿಯ ಒಳ್ಳೆಯ ಉಚ್ಚಾರವೆನ್ನುವುದು ಸರಿ.

ಸವೆದ ಹೆಸರು ಕೀಳು, ತತ್ಸಮವೇ ಮೇಲು ಎನ್ನುವವರಿಗೆ ನಮ್ಮ ನಾಡಿನಲ್ಲಿ ಬಹು ದೊಡ್ಡದೊಂದು ಉತ್ತರವಿದೆ. ಅದು ಬಸವ ಎಂಬ ಹೆಸರು. ಸಂಸ್ಕೃತದ ವೃಷಭವು ಪ್ರಾಕೃತದಲ್ಲಿ ‘ವಸಹ’ವಾಗಿ, ಕನ್ನಡದಲ್ಲಿ ವಕಾರವನ್ನು ಬಕಾರ ಮಾಡಿಕೊಂಡು ‘ಬಸವ’ವಾಯಿತು. ಸವೆತದಿಂದ ಹೆಸರಿನ ಮಹಿಮೆ ತಗ್ಗುವುದಾಗಿದ್ದರೆ 12ನೆಯ ಶತಮಾನದ ಆ ಮಹಾಪುರುಷನ ಹೆಸರು ನಮಗೆ ಮಂತ್ರಸಮಾನವಾಗುತ್ತಿರಲಿಲ್ಲ. 17ನೆಯ ಶತಮಾನದಲ್ಲಿ ಷಡಕ್ಷರದೇವನು ಬಸವಚರಿತೆಯನ್ನು ಹೇಳುವ ತನ್ನ ಚಂಪೂಕಾವ್ಯವನ್ನು ವೃಷಭೇಂದ್ರವಿಜಯವೆಂದು ಕರೆದನು. ಕಾವ್ಯ ಪಂಡಿತಮಾನ್ಯವಾಯಿತು. ಆದರೆ ಮಗುವಿಗೆ ತೊಟ್ಟಿಲಲ್ಲಿ ಹೆಸರಿಡುವಾಗ ನಮ್ಮ ತಾಯಂದಿರು ಬಸವನನ್ನು ಬಿಟ್ಟು ವೃಷಭೇಂದ್ರನನ್ನು ಕರೆಯಲಿಲ್ಲ. ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದಾಗ ಇಂಥ ರೂಪಗಳಿಗಾಗಿಯೇ ಅಪಭ್ರಂಶ ಪ್ರಕರಣವೊಂದನ್ನು ಮೀಸಲಿಟ್ಟನು. ಅಪಭ್ರಂಶವೆಂದು ಕರೆದರೂ ಅವನು ಅವುಗಳನ್ನು ಹೊರಗೆ ಹಾಕಲಿಲ್ಲ. ಸೂತ್ರ ಬರೆದು ಒಳಗೆ ಕರೆದುಕೊಂಡನು.

ಸವೆಯುವುದು ಮಾತ್ರವಲ್ಲ, ಹೆಸರು ಹಳೆಯದನ್ನು ಬಚ್ಚಿಟ್ಟುಕೊಳ್ಳುವುದೂ ಉಂಟು. ಇಂದು ನಾವು ತೋಟ ಎನ್ನುತ್ತೇವೆ. ಹಳಗನ್ನಡದಲ್ಲಿ ಅದು ‘ತೋಂಟ’. ಮಾತಿನಿಂದ ಮರೆಯಾದ ಆ ಸೊನ್ನೆ ಗದಗಿನ ತೋಂಟದಾರ್ಯ ಮಠದ ಹೆಸರಿನಲ್ಲಿಯೂ, ತೋಂಟಪ್ಪ ಎಂಬ ಹೆಸರಿನಲ್ಲಿಯೂ ಜೀವಂತವಾಗಿದೆ. ಪಕ್ಕದ ಮನೆಯ ತೋಟಪ್ಪನಲ್ಲಿ ಅದು ಬಿದ್ದುಹೋಗಿದೆ. ಹಾಗೆಯೇ ಅವ್ವ ಎಂಬ ಶಬ್ದ. ಹೆಣ್ಣುಮಕ್ಕಳ ಹೆಸರಿನ ಕೊನೆಯ ‘ಅವ್ವ’ ಹಳ್ಳಿಗಾಡಿನದೆಂದು ಇಂದಿನ ಹುಡುಗಿಯರು ನಾಚಿಕೊಳ್ಳುತ್ತಾರೆ. ಗದಗಿನ ನೆರೆಯ ಲಕ್ಕುಂಡಿಯಲ್ಲಿ 1007ರ ಶಾಸನವಿದೆ. ಅಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕೀರ್ತಿಯನ್ನು ಅದು ಸಾರುತ್ತದೆ. ಅವಳ ಹೆಸರಿನ ‘ಅಬ್ಬೆ’ಯ ಬಳಗದ್ದೇ ನಮ್ಮ ‘ಅವ್ವ’. ನಿಂಗವ್ವ, ಲಕ್ಕವ್ವ ಎಂಬ ಹೆಸರುಗಳನ್ನು ಇಟ್ಟುಕೊಂಡವರು ಅತ್ತಿಮಬ್ಬೆಯ ಸಾಲಿನಲ್ಲಿಯೇ ನಿಂತವರು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ಈ ವಿಚಾರ ಅಪೂರ್ಣವಾದೀತು. ಧ್ವನಿನಿಯಮದಿಂದ ಹೆಸರು ಸವೆಯುವುದು ಬೇರೆ, ಮನುಷ್ಯನನ್ನು ಸಣ್ಣವನಾಗಿ ಕಾಣಲು ಹೆಸರನ್ನು ತುಂಡರಿಸುವುದು ಬೇರೆ. ಬಸ್ಯಾ, ಬಸು, ಬಸಣ್ಣ, ಬಸಪ್ಪ, ಬಸವರಾಜಪ್ಪನವರು: ಇದು ಒಂದೇ ಹೆಸರಿನ ಏಣಿ. ತಾಯಿ ಮಗನನ್ನು, ಗೆಳೆಯ ಗೆಳೆಯನನ್ನು ‘ಬಸ್ಯಾ’ ಎಂದರೆ ಅದು ಪ್ರೀತಿ. ಆದರೆ ಎಪ್ಪತ್ತು ದಾಟಿದ ಕೂಲಿಯಾಳನ್ನು ಜಮೀನುದಾರನ ಮನೆಯ ಹತ್ತು ವರ್ಷದ ಹುಡುಗ ‘ಬಸ್ಯಾ’ ಎಂದು ಕೂಗುತ್ತಿದ್ದ ಕಾಲವನ್ನು ನಾವು ಕಂಡಿದ್ದೇವೆ. ಆ ಹುಡುಗನ ಬಾಯಲ್ಲಿ ‘ಅಪ್ಪ’ ಬಿದ್ದುಹೋದದ್ದು ಯಾವ ವ್ಯಾಕರಣ ಸೂತ್ರದಿಂದಲೂ ಅಲ್ಲ. ಆದುದರಿಂದ ಅಂಥ ಕೂಲಿಯಾಳಿನ ಮೊಮ್ಮಗ ಶಾಲೆಯಲ್ಲಿ ತನ್ನ ಹೆಸರನ್ನು ಬಸವರ��ಜನೆಂದು ತುಂಬುರೂಪದಲ್ಲಿ ಬರೆಸಿದರೆ, ಅದನ್ನು ದೇಸಿಯ ತಿರಸ್ಕಾರವೆಂದು ನಾವು ಮೂಗು ಮುರಿಯಬಾರದು. ಅವನು ಕೇಳುತ್ತಿರುವುದು ಮರ್ಯಾದೆಯನ್ನು. ಅದು ಅವನಿಗೆ ಸಲ್ಲಬೇಕಾದುದು.

ಹೆಸರಿನ ರೂಪಗಳು ಬಾಯಲ್ಲಿ ಇರುವವರೆಗೆ ತೊಡಕಿಲ್ಲ. ತೊಡಕು ಹುಟ್ಟುವುದು ಅವು ಕಾಗದಕ್ಕೆ ಇಳಿದಾಗ. 1948ರ ವರೆಗೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೂ, ಲಕ್ಷ್ಮೇಶ್ವರ ಮೀರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ ಮುಂಬಯಿ ಪ್ರಾಂತದಲ್ಲಿತ್ತು. ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ರಾಜ ಎಂಬ ಶಬ್ದ ಕನ್ನಡದಲ್ಲಿ ‘ರಾಯ’, ಮರಾಠಿಯಲ್ಲಿ ‘ರಾವ್’. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಮುಂಡರಗಿಯ ವೀರನನ್ನು ಕೆಲವರು ಭೀಮರಾಯನೆಂದೂ ಕೆಲವರು ಭೀಮರಾವ್ ಎಂದೂ ಬರೆಯುವುದು ಈ ಎರಡು ಭಾಷೆಗಳ ಗುರುತನ್ನು ತೋರಿಸುತ್ತದೆ. ಆ ಕಾಲದಲ್ಲಿ ಇದರಿಂದ ಯಾರ ಅನ್ನಕ್ಕೂ ಸಂಚಕಾರ ಬರುತ್ತಿರಲಿಲ್ಲ.

ಈಗ ಹಾಗಲ್ಲ. ಒಬ್ಬ ತಾಯಿಯ ಹೆಸರು ಹುಲಿಗೆವ್ವ ಎಂದಿಟ್ಟುಕೊಳ್ಳಿ. ಹೊಲದ ಉತಾರದಲ್ಲಿ ಗ್ರಾಮಲೆಕ್ಕಿಗನು ಕೇಳಿದಂತೆ ಬರೆದುಕೊಂಡ ಹುಲಗವ್ವ. ರೇಷನ್ ಕಾರ್ಡಿನಲ್ಲಿ ಯಾರೋ ಸುಧಾರಿಸಿದ ಹುಲಿಗೆಮ್ಮ. 2010ರ ತರುವಾಯ ಬಂದ ಆಧಾರ್ ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಹೋಗಿ ಯಂತ್ರದ ಮೂಲಕ ಕನ್ನಡಕ್ಕೆ ಮರಳಿದ ‘ಹುಲಿಗೇವಾ’. ಗಜೇಂದ್ರಗಡದ ಕಾಲಕಾಲೇಶ್ವರನ ಹೆಸರನ್ನು ಹೊತ್ತ ಕಳಕಪ್ಪನು ಅದೇ ದಾರಿಯಲ್ಲಿ ಹೋಗಿ ಬಂದು ‘ಕಲಕಪ್ಪ’ನಾಗುತ್ತಾನೆ, ಇಂಗ್ಲಿಷ್ ಲಿಪಿಗೆ ಳಕಾರದ ಪರಿವೆಯೇ ಇಲ್ಲ. ಶಿದ್ದಪ್ಪನು ಒಂದು ಕಡೆ ‘ಎಸ್’, ಇನ್ನೊಂದು ಕಡೆ ‘ಎಸ್ ಎಚ್’. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ವೃದ್ಧಾಪ್ಯ ವೇತನ ತಡೆಯುತ್ತದೆ. ತಂದೆಯ ಹೊಲ ಮಗನ ಹೆಸರಿಗೆ ಏರುವುದಿಲ್ಲ. ತಾನು ತಾನೇ ಎಂದು ಪ್ರಮಾಣಪತ್ರ ಮಾಡಿಸಲು ಮುದುಕಿಯೊಬ್ಬಳು ಒಂದು ದಿನದ ಕೂಲಿಯನ್ನು ಕಳೆದುಕೊಂಡು ತಾಲ್ಲೂಕಿನ ಊರಿಗೆ ಬಸ್ಸು ಹತ್ತುತ್ತಾಳೆ. ನನ್ನ ಪರಿಚಯದ ಒಬ್ಬ ವೃದ್ಧೆ ಹೀಗೆ ಅಲೆದು ಬಂದು ಕೇಳಿದ್ದುಂಟು: “ಮಾಸ್ತರ, ಅರವತ್ತೈದು ವರ್ಷ ಎಲ್ಲಾರೂ ಕರದ ಹೆಸರ ಹೆಂಗ ಸುಳ್ಳ ಆಕ್ಕೈತ್ರೀ?” ಭಾಷಾಶಾಸ್ತ್ರವನ್ನು ಓದಿದ ನನಗೆ ಉತ್ತರ ತಿಳಿದಿತ್ತು: ಅದು ಸುಳ್ಳಲ್ಲ. ಆದರೆ ಆ ಉತ್ತರಕ್ಕೆ ಕಚೇರಿಯ ಮೊಹರು ಇರಲಿಲ್ಲ.

ಹಾಗೆಂದ ಮಾತ್ರಕ್ಕೆ ಎಲ್ಲರೂ ಆಡಿದಂತೆಯೇ ಬರೆಯಬೇಕೆಂಬುದು ನನ್ನ ವಾದವಲ್ಲ. ಬರಹಕ್ಕೆ ಸ್ಥಿರತೆ ಬೇಕು. ಆದರೆ ಯಾವ ರೂಪ ಸ್ಥಿರವಾಗಬೇಕೆಂಬುದನ್ನು ಹೆಸರಿನ ಒಡೆಯ ಹೇಳಬೇಕೇ ಹೊರತು ಬರೆದುಕೊಳ್ಳುವವನಲ್ಲ. ಶಾಲೆಗೆ ಸೇರಿಸಿಕೊಳ್ಳುವ ಶಿಕ್ಷಕರು, ಅರ್ಜಿ ಬರೆದುಕೊಡುವವರು, ಗಣಕಯಂತ್ರದ ಮುಂದೆ ಕುಳಿತ ತರುಣರು ಇಷ್ಟು ಮಾಡಿದರೆ ಸಾಕು. ಎದುರಿಗಿರುವವರ ಹೆಸರನ್ನು ತಿದ್ದುವ ಮೊದಲು ಅವರ ಬಾಯಿಂದಲೇ ಎರಡು ಸಲ ಕೇಳಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ ಒಪ್ಪಿಗೆ ಪಡೆಯಬೇಕು. ಕನ್ನಡದ ಹೆಸರನ್ನು ಮೊದಲು ಕನ್ನಡದಲ್ಲಿ ಬರೆದು ಆಮೇಲೆ ಇಂಗ್ಲಿಷಿಗೆ ತರಬೇಕು. ಕಾಗದದಲ್ಲಿ ವೀರಪ್ಪ, ಊರಲ್ಲಿ ಈರಪ್ಪ ಎಂದಿದ್ದರೆ ‘ಉರ್ಫ್’ ಎಂದು ಎರಡನ್ನೂ ಬರೆಯುವ ನಮ್ಮ ಹಳೆಯ ದಸ್ತಾವೇಜುಗಳ ಪದ್ಧತಿಯಲ್ಲಿ ಬಹಳ ವಿವೇಕವಿತ್ತು.

ಕೇಳುಗರು ತಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಬೇಕು: ಅಜ್ಜನನ್ನು ಅವನ ತಾಯಿ ಏನೆಂದು ಕರೆಯುತ್ತಿದ್ದಳು, ಅಜ್ಜಿಯನ್ನು ತವರಿನವರು ಏನೆಂದು ಕರೆಯುತ್ತಿದ್ದರು ಎಂದು. ದೊರೆತ ಹೆಸರನ್ನು ತಿದ್ದದೆ, ಕೇಳಿದಂತೆಯೇ, ಒಂದು ಹಾಳೆಯ ಮೇಲೆ ಬರೆದಿಡಬೇಕು. ಉತಾರದಲ್ಲಿಯೂ ಚೀಟಿಯಲ್ಲಿಯೂ ಸಿಕ್ಕದ ರೂಪ ಅದು. ಕರೆಯುವವರು ಇಲ್ಲವಾದ ದಿನ ಮತ್ತೆ ಯಾರಿಂದಲೂ ಕೇಳಿ ತಿಳಿಯಲು ಬಾರದು.